ಅದೃಶ್ಯ ಕಾವಲುಗಾರ

ಜನಮರುಳು ನಾಯಕನೊಬ್ಬ ಅಧಿಕಾರಕ್ಕೇರಿದ ಕಥೆಯನ್ನು ನಾವು ಸಾಮಾನ್ಯವಾಗಿ ಅವನ ಮಾತಿನ ಮೋಡಿಯಿಂದ ಆರಂಭಿಸುತ್ತೇವೆ. ಅವನ ಎದುರಾಳಿಗಳ ಒಳಜಗಳದಿಂದ ಆರಂಭಿಸಿದರೆ ಎಷ್ಟೋ ಸಂಗತಿಗಳು ತಿಳಿಯಾಗುತ್ತವೆ. 1848ರಿಂದ 1851ರವರೆಗಿನ ಫ್ರಾನ್ಸ್ ಇದಕ್ಕೆ ತಕ್ಕ ನಿದರ್ಶನ.

1848ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ಜನ ದೊರೆ ಲೂಯಿ ಫಿಲಿಪ್‌ನನ್ನು ಓಡಿಸಿದರು. ಗಣರಾಜ್ಯ ಸ್ಥಾಪನೆಯಾಯಿತು, ವಯಸ್ಕ ಪುರುಷರಿಗೆಲ್ಲ ಮತದಾನದ ಹಕ್ಕು ದೊರೆಯಿತು. ನಾಲ್ಕೇ ತಿಂಗಳಲ್ಲಿ, ನಿರುದ್ಯೋಗಿಗಳಿಗೆ ಆಸರೆಯಾಗಿದ್ದ ರಾಷ್ಟ್ರೀಯ ಕಾರ್ಯಾಗಾರಗಳನ್ನು ಸರ್ಕಾರ ಮುಚ್ಚಹೊರಟಾಗ ಕಾರ್ಮಿಕರು ದಂಗೆಯೆದ್ದರು. ಜನರಲ್ ಕವೆನ್ಯಾಕ್ ಅವರನ್ನು ನಿರ್ದಯವಾಗಿ ದಮನಿಸಿದ.

ಆ ಡಿಸೆಂಬರಿನ ಅಧ್ಯಕ್ಷ ಚುನಾವಣೆಗೆ ಲೂಯಿ ನೆಪೋಲಿಯನ್ ಸ್ಪರ್ಧಿಸಿದ. ಅವನು ಮಹಾ ನೆಪೋಲಿಯನ್ನನ ತಮ್ಮನ ಮಗ. ರೈತರಿಗೆ ಆ ಹೆಸರೇ ಸಾಕಾಗಿತ್ತು. ಕಾರ್ಮಿಕರಿಗೆ ತೋರಿಸಲು, ಬಡತನದ ನಿರ್ಮೂಲನೆಯ ಕುರಿತು 1844ರಲ್ಲಿ ಬರೆದ ಕಿರುಹೊತ್ತಗೆಯಿತ್ತು. ಆಸ್ತಿವಂತರಿಗೆ ಶಾಂತಿ ಸುವ್ಯವಸ್ಥೆಯ ಭರವಸೆಯಿತ್ತು. ರಾಜಸತ್ತೆಯ ಪಕ್ಷಪಾತಿ ತಿಯೇರ್, ಈ ಮಂದಮತಿಯನ್ನು ಬೇಕಾದಂತೆ ಆಡಿಸಬಹುದೆಂದು ಎಣಿಸಿ ಬೆಂಬಲಿಸಿದ. ಲೂಯಿ ನೆಪೋಲಿಯನ್ನನಿಗೆ ಸುಮಾರು ಶೇ. 74 ಮತಗಳು ಬಿದ್ದವು. ಫೆಬ್ರವರಿಯಲ್ಲಿ ಜನರ ಕಣ್ಮಣಿಯಾಗಿದ್ದ ಕವಿ ಲಮಾರ್ಟಿನ್‌ನಿಗೆ ಶೇ. 1ರಷ್ಟೂ ಸಿಗಲಿಲ್ಲ.

1849ರ ಶಾಸನಸಭೆಯಲ್ಲಿ ಬಹುಮತವಿದ್ದದ್ದು ರಾಜಸತ್ತಾವಾದಿಗಳಿಗೆ. ಅವರಲ್ಲಿಯೂ ಬೂರ್ಬನ್ ವಂಶದವರ ಕಡೆ ಒಂದು ಬಣ, ಓರ್ಲಿಯನ್ಸ್ ವಂಶದವರ ಕಡೆ ಇನ್ನೊಂದು. ಯಾರು ದೊರೆಯಾಗಬೇಕೆಂಬುದರಲ್ಲಿ ಒಮ್ಮತವಿರಲಿಲ್ಲ. ಎಡಪಂಥದ ಭಯವೊಂದೇ ಅವರನ್ನು ಕೂಡಿಸಿತ್ತು. ಆ ಭಯದಿಂದಲೇ 1850ರ ಮೇ 31ರಂದು, ಒಂದೇ ಕಡೆ ಮೂರು ವರ್ಷ ವಾಸವಿದ್ದವರಿಗೆ ಮಾತ್ರ ಮತ ಎಂಬ ಕಾನೂನು ತಂದರು. ಸುಮಾರು 30 ಲಕ್ಷ ಜನ ಹಕ್ಕು ಕಳೆದುಕೊಂಡರು. ಕೆಲಸ ಅರಸಿ ಊರಿಂದೂರಿಗೆ ಹೋಗುತ್ತಿದ್ದ ಕಾರ್ಮಿಕರೇ ಅದರ ಮೊದಲ ಬಲಿ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ನಿಯಮದ ಮೊನಚು ಬೇಗ ತಿಳಿಯುತ್ತದೆ. ಅಧ್ಯಕ್ಷ ಆಗ ಇದನ್ನು ತಡೆಯಲಿಲ್ಲ. 1851ರ ನವೆಂಬರಿನಲ್ಲಿ ಮಾತ್ರ ಕಾನೂನನ್ನು ರದ್ದುಮಾಡಿರೆಂದು ಕೇಳಿದ. ಸಭೆ ಒಪ್ಪಲಿಲ್ಲ. ಜನರ ಹಕ್ಕಿನ ರಕ್ಷಕನೆಂಬ ಪಟ್ಟ ಅವನಿಗೆ ಸುಲಭವಾಗಿ ದಕ್ಕಿತು.

ಅದೇ ತಿಂಗಳ 17ರಂದು, ತನ್ನ ರಕ್ಷಣೆಗೆ ಸೇನೆಯನ್ನು ನೇರವಾಗಿ ಕರೆಸಿಕೊಳ್ಳುವ ಅಧಿಕಾರ ಸಭೆಗಿರಬೇಕೆಂಬ ಪ್ರಸ್ತಾಪ ಬಂತು. ರಾಜಸತ್ತಾವಾದಿಗಳು ಆ ಸೇನೆಯನ್ನು ತಮ್ಮ ಮೇಲೆಯೇ ಬಿಟ್ಟಾರೆಂದು ಎಡಪಂಥೀಯರಲ್ಲಿ ಹೆಚ್ಚಿನವರು ಶಂಕಿಸಿದರು. ಗಣರಾಜ್ಯಕ್ಕೆ ಜನತೆಯೆಂಬ ಅದೃಶ್ಯ ಕಾವಲುಗಾರನಿದ್ದಾನೆ ಎಂದು ಅವರ ಮುಖಂಡ ಮಿಶೆಲ್ ದ ಬೂರ್ಜ್ ಸಾರಿದ. ಎಡಪಂಥೀಯರು ಅಧ್ಯಕ್ಷನ ಬೆಂಬಲಿಗರೊಡನೆ ಸೇರಿ ಪ್ರಸ್ತಾಪವನ್ನು ಸೋಲಿಸಿದರು.

ಎರಡು ವಾರ ಕಳೆದು, ಡಿಸೆಂಬರ್ 2ರ ನಸುಕಿನಲ್ಲಿ, ತಿಯೇರ್ ಮತ್ತು ಕವೆನ್ಯಾಕ್ ಇಬ್ಬರೂ ಬಂಧಿತರಾದರು. ಸಭೆ ವಿಸರ್ಜನೆಯಾಯಿತು, ಅದೇ ಘೋಷಣೆಯಲ್ಲಿ ಸಾರ್ವತ್ರಿಕ ಮತದಾನ ಮರಳಿ ಬಂತು. ಮರುದಿನ ಪ್ರತಿರೋಧಕ್ಕೆ ನಿಂತ ಶಾಸಕ ಬೋದೆನ್ ಗುಂಡಿಗೆ ಬಲಿಯಾದ. ದಕ್ಷಿಣದ ಹಳ್ಳಿಗಳು ಸಿಡಿದೆದ್ದವು. ಪ್ಯಾರಿಸ್ಸಿನ ಕಾರ್ಮಿಕರು ಮಾತ್ರ ಬಹುಮಟ್ಟಿಗೆ ಸುಮ್ಮನಿದ್ದರು. ಆ ತಿಂಗಳ ಜನಮತಗಣನೆಯಲ್ಲಿ 70 ಲಕ್ಷಕ್ಕೂ ಹೆಚ್ಚು ಮತಗಳು ಅವನ ಪರವಾಗಿ ಬಿದ್ದವು. ವರ್ಷ ತುಂಬುವಷ್ಟರಲ್ಲಿ ಅವನು ಚಕ್ರವರ್ತಿ ಮೂರನೆಯ ನೆಪೋಲಿಯನ್ ಆದ.

ಇಲ್ಲಿ ಯಾರ ಭಯವೂ ಪೂರ್ತಿ ಸುಳ್ಳಾಗಿರಲಿಲ್ಲ ಎಂಬುದೇ ನನ್ನನ್ನು ಕಾಡುವ ಸಂಗತಿ. ಮೊದಲು ಇವರನ್ನು ಮುಗಿಸೋಣ, ಅವನನ್ನು ಆಮೇಲೆ ನೋಡಿಕೊಳ್ಳೋಣ ಎಂದು ಎರಡೂ ಕಡೆಯವರು ಲೆಕ್ಕ ಹಾಕಿದರು. ಮಿಶೆಲ್ ನಂಬಿದ್ದ ಕಾವಲುಗಾರ ಇದ್ದದ್ದೂ ನಿಜ. ಆದರೆ 1848ರ ಜೂನಿನಲ್ಲಿ ಅವನ ಮೇಲೆ ಗುಂಡು ಹಾರಿಸಿದ್ದು ಗಣರಾಜ್ಯ. 1850ರಲ್ಲಿ ಅವನ ಮತ ಕಸಿದದ್ದು ಅದೇ ಸಭೆ. ಅದು ಅಪಾಯಕ್ಕೆ ಸಿಕ್ಕಿದಾಗ, ಅವನು ಯಾರಿಗಾಗಿ ಬೀದಿಗಿಳಿಯಬೇಕಿತ್ತು?