ತಿರುಗಾಟದ ಫಾರ್ವರ್ಡ್

ಇಂಗ್ಲಿಷಿನ ‘ಜರ್ನಿಮನ್’ ಎಂಬ ಪದ ಕೇಳಿದ ಕೂಡಲೇ ಪ್ರಯಾಣದ ಅರ್ಥ ಹೊಳೆಯುತ್ತದೆ. ಆದರೆ ಅದರ ಬೇರು ಫ್ರೆಂಚಿನ ‘ಜುರ್ನೇ’ ಎಂಬ ಮಾತಿನಲ್ಲಿದೆ. ಒಂದು ದಿನ, ಒಂದು ದಿನದ ಕೆಲಸ ಎಂದು ಅದರ ಅರ್ಥ. ಹಳೆಯ ಯುರೋಪಿನಲ್ಲಿ ಕಸುಬನ್ನು ಪೂರ್ತಿ ಕಲಿತಿದ್ದರೂ ಸ್ವಂತ ಅಂಗಡಿ ಇಡಲಾಗದೆ, ದಿನದ ಕೂಲಿಗೆ ಇನ್ನೊಬ್ಬರ ಬಳಿ ದುಡಿಯುವವನು ಜರ್ನಿಮನ್. ಆ ಪದ ಅವನ ಸಂಬಳದ ರೀತಿಯನ್ನು ಹೇಳುತ್ತಿತ್ತು, ಕೈಚಳಕವನ್ನು ಅಳೆಯುತ್ತಿರಲಿಲ್ಲ. ಮುಂದೆ ಫುಟ್‌ಬಾಲಿನವರು ಕ್ಲಬ್ಬಿನಿಂದ ಕ್ಲಬ್ಬಿಗೆ ಹೋಗುವ ಆಟಗಾರನನ್ನು ಹೀಗೆ ಕರೆಯತೊಡಗಿದಾಗ ಅದಕ್ಕೆ ‘ಅಷ್ಟಕ್ಕಷ್ಟೇ’ ಎಂಬ ದನಿಯೂ ಸೇರಿಕೊಂಡಿತು. ಈ ದನಿಯ ಬಗ್ಗೆ ನನಗೆ ತಕರಾರಿದೆ. ರಿಕಿ ಲ್ಯಾಂಬರ್ಟ್ ಎಂಬ ಫಾರ್ವರ್ಡ್‌ನ ಚರಿತ್ರೆಯನ್ನು ಹಿಡಿದು ಆ ತಕರಾರನ್ನು ಇಲ್ಲಿ ಹೇಳುತ್ತೇನೆ.

ಇಂಥ ಬದುಕು ನಮಗೆ ಅಪರಿಚಿತವೇನಲ್ಲ. ಯಕ್ಷಗಾನದ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ, ಮುಂದಿನ ತಿರುಗಾಟಕ್ಕೆ ಯಾರು ಯಾವ ಮೇಳ ಎಂಬ ಮಾತು ಶುರುವಾಗುತ್ತದೆ. ಇಂಗ್ಲೆಂಡಿನಲ್ಲಿಯೂ ಫುಟ್‌ಬಾಲ್ ಋತು ಮುಗಿಯುವುದು ಮೇ ತಿಂಗಳಲ್ಲೇ. ಆಗ ಪ್ರತಿ ಕ್ಲಬ್ಬೂ ಉಳಿಸಿಕೊಂಡವರ, ಬಿಟ್ಟವರ ಪಟ್ಟಿ ಹೊರಡಿಸುತ್ತದೆ. ಕೆಳಗಿನ ಡಿವಿಷನ್ನುಗಳ ಆಟಗಾರನಿಗೆ ಆ ಪಟ್ಟಿಯೆಂದರೆ ಮುಂದಿನ ವರ್ಷದ ಮನೆಬಾಡಿಗೆ.

ಈ ಅಲೆದಾಟದ ಸ್ವಾತಂತ್ರ್ಯ ಕೂಡ ಹೋರಾಡಿ ಪಡೆದದ್ದು. 1961ರವರೆಗೆ ಇಂಗ್ಲೆಂಡಿನ ಆಟಗಾರ ಎಷ್ಟೇ ದೊಡ್ಡವನಾಗಿದ್ದರೂ ವಾರಕ್ಕೆ 20 ಪೌಂಡ್ ಮೀರಿ ಸಂಬಳ ಪಡೆಯುವಂತಿರಲಿಲ್ಲ. ಒಪ್ಪಂದ ಮುಗಿದ ಮೇಲೂ ಕ್ಲಬ್ ಅವನ ನೋಂದಣಿಯನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. ಆಗ ಅವನಿಗೆ ಆಡಲೂ ಇಲ್ಲ, ಹೋಗಲೂ ಇಲ್ಲ. ಜಾರ್ಜ್ ಈಸ್ಟ್‌ಹ್ಯಾಮ್ ಎಂಬ ಫಾರ್ವರ್ಡ್ ನ್ಯೂಕ್ಯಾಸಲ್ ಕ್ಲಬ್ಬಿನ ಮೇಲೆ ಹೂಡಿದ ದಾವೆಯಲ್ಲಿ, 1963ರಲ್ಲಿ ನ್ಯಾಯಾಲಯ ಇದು ಅನ್ಯಾಯದ ಕಟ್ಟುಪಾಡು ಎಂದಿತು. 1995ರ ಬೋಸ್ಮನ್ ತೀರ್ಪು ಬಂದ ಮೇಲೆ ಒಪ್ಪಂದ ತೀರಿದ ಆಟಗಾರ ಯುರೋಪಿಯನ್ ಒಕ್ಕೂಟದೊಳಗೆ ವರ್ಗಾವಣೆ ಶುಲ್ಕವಿಲ್ಲದೆ ಹೋಗಬಹುದಾಯಿತು. ತಾರೆಗಳಿಗೆ ಅದರಿಂದ ಕೋಟಿಗಳು ಸಿಕ್ಕವು. ಉಳಿದವರ ಪಾಲಿಗೆ ಅದೇ ಸ್ವಾತಂತ್ರ್ಯ ಕೆಲಸ ಹುಡುಕುವ ಸ್ವಾತಂತ್ರ್ಯವಾಗಿ ಬಂತು.

ಲ್ಯಾಂಬರ್ಟ್ ಹುಟ್ಟಿದ್ದು 1982ರಲ್ಲಿ, ಲಿವರ್‌ಪೂಲ್ ನಗರದ ಮಗ್ಗುಲಿನ ಕರ್ಕ್‌ಬಿಯಲ್ಲಿ. ಹತ್ತನೇ ವಯಸ್ಸಿಗೆ ಲಿವರ್‌ಪೂಲ್ ಕ್ಲಬ್ಬಿನ ಕಿರಿಯರ ತಂಡ ಸೇರಿದ. ಹದಿನೈದಕ್ಕೆ ಕ್ಲಬ್ ಬೇಡವೆಂದಿತು. ಅಲ್ಲಿಂದ ಬ್ಲ್ಯಾಕ್‌ಪೂಲ್. ಮೂರು ಲೀಗ್ ಪಂದ್ಯ ಆಡಿದ, ಗೋಲು ಬರಲಿಲ್ಲ, ಅವರೂ ಕಳಿಸಿಬಿಟ್ಟರು. ಮುಂದೆ ಕೆಲವು ತಿಂಗಳು ಯಾವ ಕ್ಲಬ್ಬೂ ಸಂಬಳ ಕೊಡಲಿಲ್ಲ. ಬೀಟ್‌ರೂಟ್ ಕಾರ್ಖಾನೆಯೊಂದರಲ್ಲಿ ಜಾಡಿಗಳಿಗೆ ಮುಚ್ಚಳ ಹಾಕುವ ಕೆಲಸಕ್ಕೆ ಸೇರಿದ. ದಿನಕ್ಕೆ ಸಿಗುತ್ತಿದ್ದದ್ದು ಸುಮಾರು 20 ಪೌಂಡ್. ಜರ್ನಿಮನ್ ಎಂಬ ಪದ ತನ್ನ ಮೂಲ ಅರ್ಥದಲ್ಲೇ ಅವನಿಗೆ ಒಪ್ಪಿದ ದಿನಗಳವು. ಆ ನಡುವೆಯೇ ಮ್ಯಾಕಲ್ಸ್‌ಫೀಲ್ಡ್ ಕ್ಲಬ್ಬಿನಲ್ಲಿ ಅಭ್ಯಾಸಕ್ಕೂ ಹೋಗುತ್ತಿದ್ದ. 2001ರಲ್ಲಿ ಅವರು ಒಪ್ಪಂದ ಕೊಟ್ಟರು.

ಅಲ್ಲಿಂದ ನಿಜವಾದ ತಿರುಗಾಟ. 2002ರಲ್ಲಿ ಸ್ಟಾಕ್‌ಪೋರ್ಟ್ ಮೂರು ಲಕ್ಷ ಪೌಂಡ್ ಕೊಟ್ಟು ಕೊಂಡಿತು. ಅಲ್ಲಿ ಹೆಚ್ಚೇನೂ ಸಾಗಲಿಲ್ಲ, 98 ಲೀಗ್ ಪಂದ್ಯಗಳಲ್ಲಿ 18 ಗೋಲು. 2005ರ ಆರಂಭದಲ್ಲಿ ನಾಲ್ಕನೇ ಡಿವಿಷನ್ನಿನ ರೋಚ್‌ಡೇಲ್‌ಗೆ ಇಳಿದ. ಮುಂದಿನ ಋತುವಿನಲ್ಲಿ ಲೀಗಿನಲ್ಲೇ 22 ಗೋಲು ಹೊಡೆದ. 2006ರಲ್ಲಿ ಬ್ರಿಸ್ಟಲ್ ರೋವರ್ಸ್ ಅವನಿಗೆ ಕೊಟ್ಟದ್ದು ಎರಡು ಲಕ್ಷ. ನಾಲ್ಕು ವರ್ಷ ಅನುಭವ ಹೆಚ್ಚಿತ್ತು, ಬೆಲೆ ಒಂದು ಲಕ್ಷ ಕಡಿಮೆಯಾಗಿತ್ತು. 2008-09ರಲ್ಲಿ ರೋವರ್ಸ್ ಪರವಾಗಿ 29 ಲೀಗ್ ಗೋಲು ಹೊಡೆದು ಮೂರನೇ ಡಿವಿಷನ್ನಿನ ಜಂಟಿ ಅಗ್ರಸ್ಥಾನ ಪಡೆದ.

ಇಷ್ಟಾದರೂ ಮೇಲಿನವರು ನೋಡಲಿಲ್ಲವೇ? ನೋಡಿದ್ದರು, ಆದರೆ ನಿಧಾನ ಎಂದು ಬರೆದುಕೊಂಡಿದ್ದರು. ಲ್ಯಾಂಬರ್ಟ್ ವೇಗದ ಓಟಗಾರನಲ್ಲ. ಮೈ ದಪ್ಪ. ಅವನ ಬಂಡವಾಳವೇ ಬೇರೆ. ಗೋಲಿಗೆ ಬೆನ್ನು ಮಾಡಿ ನಿಂತು ಚೆಂಡನ್ನು ಎದೆಯಲ್ಲಿ ಇಳಿಸಿಕೊಳ್ಳುವುದು, ಡಿಫೆಂಡರ್‌ನ ತೂಕವನ್ನು ಬೆನ್ನಮೇಲೆ ತಾಳಿಕೊಂಡೇ ಜೊತೆಗಾರನ ಓಟದ ದಾರಿಗೆ ಪಾಸ್ ತಳ್ಳುವುದು, ಫ್ರೀಕಿಕ್, ಪೆನಾಲ್ಟಿ. ವೇಗ ಮೊದಲ ನೋಟಕ್ಕೇ ಕಾಣುತ್ತದೆ. ಇಂಥ ವಿದ್ಯೆ ಕಾಣಬೇಕಾದರೆ ನೋಡುವವನೂ ಸ್ವಲ್ಪ ಹೊತ್ತು ಕೂರಬೇಕು.

2009ರಲ್ಲಿ ಸೌತಾಂಪ್ಟನ್ ಕರೆಯಿತು. ಅದೇನು ಸುಖದ ಮನೆಯಾಗಿರಲಿಲ್ಲ. ದಿವಾಳಿಯ ಅಂಚಿಗೆ ಹೋಗಿ ಮೂರನೇ ಡಿವಿಷನ್ನಿಗೆ ಬಿದ್ದಿದ್ದ ಕ್ಲಬ್ ಅದು. ದಂಡವಾಗಿ ಹತ್ತು ಅಂಕ ಕಳೆದುಕೊಂಡೇ ಋತು ಆರಂಭಿಸಬೇಕಿತ್ತು. ಮಾರ್ಕುಸ್ ಲೀಬೆರ್ ಎಂಬ ಹೊಸ ಮಾಲೀಕ ಆಗಷ್ಟೇ ಕೊಂಡುಕೊಂಡಿದ್ದ. ಹತ್ತು ಲಕ್ಷ ಪೌಂಡಿನ ಆಸುಪಾಸಿನ ಬೆಲೆಗೆ ಬಂದ ಇಪ್ಪತ್ತೇಳರ ಲ್ಯಾಂಬರ್ಟ್‌ಗೆ ವ್ಯವಸ್ಥಾಪಕ ಅಲನ್ ಪಾರ್ಡ್ಯೂ ಮೊದಲು ಹೇಳಿದ್ದು ಮೈ ಇಳಿಸು ಎಂದು. ಇಳಿಸಿದ. ಆ ಋತುವಿನಲ್ಲಿ 30 ಲೀಗ್ ಗೋಲು. 2011ರಲ್ಲಿ ಕ್ಲಬ್ ಎರಡನೇ ಡಿವಿಷನ್ನಿಗೆ ಏರಿತು. 2011-12ರಲ್ಲಿ ಅಲ್ಲಿಯೂ 27 ಗೋಲು ಹೊಡೆದು ಅಗ್ರಸ್ಥಾನ ಪಡೆದ, ತಂಡ ಪ್ರೀಮಿಯರ್ ಲೀಗ್ ಮುಟ್ಟಿತು. 2012ರ ಆಗಸ್ಟಿನಲ್ಲಿ ಚಾಂಪಿಯನ್ ಮ್ಯಾಂಚೆಸ್ಟರ್ ಸಿಟಿಯ ಎದುರು ಬದಲಿ ಆಟಗಾರನಾಗಿ ಇಳಿದು, ಮೊದಲ ಪ್ರೀಮಿಯರ್ ಲೀಗ್ ಪಂದ್ಯದಲ್ಲೇ ಗೋಲು ಹೊಡೆದ. ಆಗ ಅವನಿಗೆ ಮೂವತ್ತು. ಸೌತಾಂಪ್ಟನ್‌ನ ಐದು ವರ್ಷಗಳಲ್ಲಿ 235 ಪಂದ್ಯ, 117 ಗೋಲು. ತೆಗೆದುಕೊಂಡ 34 ಪೆನಾಲ್ಟಿಗಳಲ್ಲಿ 34ನ್ನೂ ಗೋಲಾಗಿಸಿದ.

2013ರ ಆಗಸ್ಟ್ 14. ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಪಂದ್ಯ, 2-2 ಸಮ. ರೂನಿಯ ಬದಲಿಗೆ ಲ್ಯಾಂಬರ್ಟ್ ಇಳಿದ. ಲೇಟನ್ ಬೇನ್ಸ್ ಹಾಕಿದ ಕಾರ್ನರ್‌ಗೆ ಎಗರಿ ತಲೆಕೊಟ್ಟ. ಇಂಗ್ಲೆಂಡ್ ಪರವಾಗಿ ಅವನು ಮುಟ್ಟಿದ ಮೊದಲ ಚೆಂಡೇ ಗೋಲಾಯಿತು, ಗೆಲುವೂ ಆಯಿತು. ಬಹುತೇಕ ಬರಹಗಾರರು ಅವನ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಬೀಟ್‌ರೂಟಿನಿಂದ ವೆಂಬ್ಲಿಯವರೆಗೆ, ಶುಭಂ.

ಚರಿತ್ರೆ ಅಲ್ಲಿಗೆ ನಿಲ್ಲಲಿಲ್ಲ. 2014ರಲ್ಲಿ, ಹುಡುಗನಾಗಿದ್ದಾಗ ಬೇಡವೆಂದಿದ್ದ ಲಿವರ್‌ಪೂಲೇ ನಲವತ್ತು ಲಕ್ಷ ಪೌಂಡ್ ಕೊಟ್ಟು ಅವನನ್ನು ಕೊಂಡಿತು. ಬಾಲ್ಯದ ಕನಸು ಕೈಗೆ ಬಂತು, ಆಡಲು ಜಾಗ ಮಾತ್ರ ಸಿಗಲಿಲ್ಲ. ಬೆಂಚಿನ ಮೇಲೆಯೇ ಬಹಳ ಹೊತ್ತು ಕೂತು, 36 ಪಂದ್ಯಗಳಲ್ಲಿ ಮೂರು ಗೋಲು ಗಳಿಸಿದ. ಅದೇ ವರ್ಷದ ವಿಶ್ವಕಪ್ಪಿನಲ್ಲಿ ಅವನ ಪಾಲಿಗೆ ಬಂದದ್ದು ಉರುಗ್ವೆ ವಿರುದ್ಧದ ಪಂದ್ಯದ ಕೊನೆಯ ಕೆಲವೇ ನಿಮಿಷ. ಆಮೇಲೆ ವೆಸ್ಟ್ ಬ್ರಾಮ್, ಕಾರ್ಡಿಫ್, 2017ರಲ್ಲಿ ನಿವೃತ್ತಿ.

ವೆಂಬ್ಲಿಗೆ ಕಥೆ ನಿಲ್ಲಿಸಿದರೆ ಒಂದು ಮೋಸ ನಡೆಯುತ್ತದೆ. ರೋಚ್‌ಡೇಲ್, ಬ್ರಿಸ್ಟಲ್‌ನ ವರ್ಷಗಳು ಬರೀ ಕಷ್ಟಕಾಲವಾಗಿ, ಮುಂದೆ ಬರಲಿರುವ ವೈಭವದ ಪೀಠಿಕೆಯಾಗಿ ಉಳಿದುಬಿಡುತ್ತವೆ. ಆದರೆ 2005ರ ಚಳಿಗಾಲದಲ್ಲಿ ರೋಚ್‌ಡೇಲ್ ಮೈದಾನಕ್ಕೆ ದುಡ್ಡು ಕೊಟ್ಟು ಬಂದವರಿಗೆ ಅವನು ಮುಂದೊಮ್ಮೆ ಇಂಗ್ಲೆಂಡಿಗೆ ಆಡುತ್ತಾನೆಂದು ಗೊತ್ತಿರಲಿಲ್ಲ. ಅವರು ನೋಡಿದ್ದು ಅಂದಿನ ಆಟ, ಕೂಗಿದ್ದು ಅಂದಿನ ಗೋಲಿಗೆ. ಆ ಗೋಲುಗಳು ಅಂದೇ ಪೂರ್ತಿಯಾಗಿದ್ದವು.

ಇನ್ನೊಂದು ಕಾರಣವೂ ಇದೆ. ಮೇ ತಿಂಗಳ ಪಟ್ಟಿಯಲ್ಲಿ ಹೆಸರು ಕಾಣದೆ ಬೇರೆ ಊರಿಗೆ ಪೆಟ್ಟಿಗೆ ಕಟ್ಟುವ ನೂರಾರು ಫಾರ್ವರ್ಡ್‌ಗಳಿಗೆ ವೆಂಬ್ಲಿ ಬರುವುದಿಲ್ಲ. ಲ್ಯಾಂಬರ್ಟ್‌ಗೂ ಅದು ಬರದೆ ಹೋಗಬಹುದಿತ್ತು. 2009ರಲ್ಲಿ ಸೌತಾಂಪ್ಟನ್ ಬೀಳದೇ ಇದ್ದಿದ್ದರೆ ಮೂರನೇ ಡಿವಿಷನ್ನಿನ ಫಾರ್ವರ್ಡನನ್ನು ಅದು ಹುಡುಕುತ್ತಿತ್ತೇ? ಶಿಖರ ಮುಟ್ಟಿದವನ ಚರಿತ್ರೆಯನ್ನು ಮಾತ್ರ ಬರೆಯುತ್ತ ಹೋದರೆ, ಮುಟ್ಟದವರು ಸೋತವರೆಂದು ಬರೆದಂತೆಯೇ ಆಗುತ್ತದೆ. ಮೇಳದಲ್ಲಿ ಎಂದೂ ಹೆಸರು ದೊಡ್ಡದಾಗಿ ಅಚ್ಚಾಗದ ಕಲಾವಿದನೂ ರಾತ್ರಿಯಿಡೀ ಬಣ್ಣ ಹೊತ್ತು ಕುಣಿದಿರುತ್ತಾನೆ, ಆ ಊರಿನ ಜನ ಅದನ್ನು ನೋಡಿರುತ್ತಾರೆ. ಕಸುಬು ಬಲ್ಲವನು ಒಂದು ದಿನ ಬಂದು ಆ ದಿನದ ಕೆಲಸವನ್ನು ಚೆನ್ನಾಗಿ ಮಾಡಿ ಹೋದ ಎಂಬುದಷ್ಟೇ ಜರ್ನಿಮನ್ ಎಂಬ ಪದದಲ್ಲಿತ್ತು. ನನಗೆ ಅದು ಸಣ್ಣ ಮಾತಾಗಿ ಕಾಣುವುದಿಲ್ಲ.