ದುರುಗಮುರಗಿಯವರ ದೇವರ ಪೆಟ್ಟಿಗೆ

ದುರುಗಮುರಗಿ ಎಂಬ ಅಲೆಮಾರಿ ಸಮುದಾಯದ ಹೆಂಗಸರು ತಲೆಯ ಮೇಲೆ ಹೊತ್ತು ಊರೂರು ತಿರುಗುವ, ಬಣ್ಣ ಬಳಿದ ಮರದ ಗುಡಿ. ಒಳಗಿರುವ ದೇವಿಯನ್ನು ಮರಗಮ್ಮ, ದುರಗಮ್ಮ, ಮಾರಮ್ಮ ಎಂದೆಲ್ಲ ಕರೆಯುತ್ತಾರೆ. ಮರಾಠಿ ಸೀಮೆಯಲ್ಲಿ ಇದೇ ಆಚರಣೆಯವರು ಪೋತರಾಜ, ಕಡಕಲಕ್ಷ್ಮಿ ಎನಿಸಿಕೊಂಡಿದ್ದಾರೆ. ದೇವಿ ಅಲ್ಲಿ ಮರೀಆಯಿ.

ಪೆಟ್ಟಿಗೆಯ ಮುಂಭಾಗಕ್ಕೆ ಪುಟ್ಟ ಕದಗಳಿರುತ್ತವೆ. ಓಣಿಯಲ್ಲಿ ಅದನ್ನು ಇಳಿಸಿದಾಗ ಕದ ಮುಚ್ಚಿಯೇ ಇರುತ್ತದೆ. ಹೆಂಗಸು ಉರುಮೆಯ ಚರ್ಮದ ಮೇಲೆ ಕೋಲು ಉಜ್ಜಿ ಬುರ್‌ಬುರ್ ಎಂದು ನಾದ ಹೊರಡಿಸುತ್ತಾಳೆ. ಗಂಡಸಿನದು ಬರಿಮೈ, ಬಿಚ್ಚಿದ ಕೂದಲು. ಸೊಂಟಕ್ಕೆ ಬಣ್ಣಬಣ್ಣದ ಬಟ್ಟೆ, ಕಾಲಿಗೆ ಗೆಜ್ಜೆ. ಹುರಿ ಹೊಸೆದ ಚಾಟಿಯನ್ನು ಬೀಸಿ ತನ್ನ ಮೈಗೇ ಬಾರಿಸಿಕೊಳ್ಳುತ್ತ, ಕದ ತೆಗೆಯೆಂದು ತಾಯಿಯನ್ನು ಬೇಡುತ್ತಾನೆ. ನೋಡುವವರ ಕಣ್ಣು ಚಾಟಿಯ ಮೇಲೆಯೇ ನೆಟ್ಟಿರುತ್ತದೆ, ಆದರೆ ಈ ಆಟದ ಜೀವಾಳ ಆ ಕದ. ಮುನಿದವಳು ಒಲಿದು ಮುಖ ತೋರಿಸುವವರೆಗಿನದೇ ಕಥೆ. ಕದ ತೆರೆದ ಮೇಲೆ ಮನೆಯವರು ಮೊರದಲ್ಲಿ ಜೋಳ, ಅಕ್ಕಿ ತಂದು ನೀಡಿ, ಮಕ್ಕಳ ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾರೆ.

ರಾಜಸ್ಥಾನದ ಕಾವಡ್ ಇದಕ್ಕೆ ದೂರದ ನೆಂಟ. ಚಿತ್ತೋಡಗಢ ಜಿಲ್ಲೆಯ ಬಸ್ಸಿಯಲ್ಲಿ ಸುತಾರರು ಮಾಡುವ ಆ ಪೆಟ್ಟಿಗೆಗೆ ಮಡಚುವ ಹಲವು ಕದಗಳು, ಕದದ ತುಂಬ ಚಿತ್ರಗಳು. ಕಾವಡಿಯಾ ಭಾಟರು ನವಿಲುಗರಿಯಿಂದ ಒಂದೊಂದನ್ನೇ ಮುಟ್ಟಿ ತೋರಿಸಿ ಕಥೆಯನ್ನೂ ಯಜಮಾನರ ವಂಶಾವಳಿಯನ್ನೂ ಹೇಳುತ್ತಾರೆ. ದುರುಗಮುರಗಿಯವರದು ಇಷ್ಟು ದೀರ್ಘ ಕಥನವಲ್ಲ. ಹಾಡು, ಕುಣಿತ, ವಾದ್ಯ ಕೂಡಿಯೇ ಕಥೆ ನಡೆಯಬೇಕು.

ಮರಗಮ್ಮನ ಆರಾಧನೆ ರಾಜ್ಯದ ಗಡಿಗೆ ನಿಲ್ಲುವುದಲ್ಲ. ಕಲ್ಯಾಣ ಕರ್ನಾಟಕಕ್ಕೆ ಅಂಟಿಕೊಂಡ ಜಹೀರಾಬಾದ್, ನಾರಾಯಣಖೇಡ, ತಾಂಡೂರು 1956ರವರೆಗೆ ಬೀದರ್, ಗುಲಬರ್ಗಾ ಜಿಲ್ಲೆಗಳಲ್ಲೇ ಇದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಆಂಧ್ರಕ್ಕೆ ಸೇರಿದವು, ಈಗ ತೆಲಂಗಾಣದಲ್ಲಿವೆ. ಕನ್ನಡ, ತೆಲುಗು, ಮರಾಠಿ, ಉರ್ದು ಕಲೆತಿರುವ ಈ ಸೀಮೆಯನ್ನು ಬಿಟ್ಟು ಅದನ್ನು ಅರಿಯಲಾಗದು. ದುರುಗಮುರಗಿಯವರ ಮನೆಮಾತು ತೆಲುಗು, ಕನ್ನಡ ನಾಡಿನಲ್ಲಿ ಹಾಡುವುದು ಕನ್ನಡದಲ್ಲಿ. ತೆಲಂಗಾಣದ ಬೋನಾಲು ಹಬ್ಬದಲ್ಲೂ ಚಾಟಿ ಹಿಡಿದ ಪೋತರಾಜು ಕುಣಿಯುತ್ತಾನೆ. ಅಲ್ಲಿ ಅವನು ದೇವಿಯ ತಮ್ಮ.

ಮಾರಿಯೆಂದರೆ ಸಿಡುಬು, ಕಾಲರಾಗಳ ಒಡತಿ. ಬೇನೆ ಊರಿಗೆ ಬರದಿರಲೆಂದೇ ಜನ ಅವಳನ್ನು ಮನೆ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಭಾರತ ಸಿಡುಬಿನಿಂದ ಮುಕ್ತವೆಂದು 1977ರಲ್ಲಿ ಘೋಷಣೆಯಾಯಿತು. ಆ ಮೇಲೂ ಪೆಟ್ಟಿಗೆಯ ತಿರುಗಾಟ ನಿಲ್ಲಲಿಲ್ಲ, ಏಕೆಂದರೆ ಮಳೆ, ಬೆಳೆ, ಸಂತಾನಕ್ಕೂ ಹರಕೆ ಸಲ್ಲುವುದು ಅವಳಿಗೇ. ಕರ್ನಾಟಕ ಸರ್ಕಾರ ಈ ಸಮುದಾಯವನ್ನು ದುರ್ಗಮುರ್ಗ, ಬುರ್‌ಬುರ್ಚ ಎಂಬ ಹೆಸರುಗಳಿಂದ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಸೇರಿಸಿದೆ.