ಕಹಳೆಗೆ ಕೇಳಿಸಿದ್ದು, ಕೇಳಿಸದ್ದು: ಕುಬಟೂರು ಸೀಮೆಯ ಹಾಡು ಮತ್ತು 1925ಕ್ಕಿಂತ ಹಿಂದಿನ ಧ್ವನಿಮುದ್ರಣ

ವಿದ್ಯುತ್ ಧ್ವನಿಮುದ್ರಣ 1925ರಲ್ಲಿ ಬಳಕೆಗೆ ಬಂತು. ಅದಕ್ಕೂ ಮೊದಲು ಹಾಡುವವರು ಮುದ್ರಣಯಂತ್ರದ ಕಹಳೆಯ ಬಾಯಿಗೆ ಬಾಯಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ದನಿಯ ಒತ್ತಡಕ್ಕೆ ತೆಳುಪೊರೆ ಅದುರಿ, ಅದಕ್ಕಂಟಿದ ಮೊನೆ ಮೇಣದಲ್ಲಿ ಗೀರು ಕೊರೆಯುತ್ತಿತ್ತು. ಹೀಗೆ ಹಿಡಿಯಲಾಗುತ್ತಿದ್ದುದು ಸುಮಾರು 200ರಿಂದ 2,500 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಡೊಳ್ಳಿನ ಗುಡುಗು ಇದರ ಕೆಳಗೆ ಉಳಿಯುತ್ತದೆ, ತಾಳದ ಕಿಣಿಕಿಣಿ ಮೇಲೆ.

1902ರಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್‌ರ ಹಾಡನ್ನು ಮುದ್ರಿಸಿದ. ಕಂಪನಿಗಳಿಗೆ ಬೇಕಾಗಿದ್ದದ್ದು ಬೆಂಗಳೂರು ನಾಗರತ್ನಮ್ಮನವರಂಥ ಹೆಸರಾಂತ ಗಾಯಕಿಯರು. ಬೀಸುವ ಪದ ಹೇಳುವ ಹೆಣ್ಣುಮಕ್ಕಳಲ್ಲ. ಜನಪದರ ದನಿಯನ್ನು ಹುಡುಕಿಕೊಂಡು ಹೋದವರು ಜನಾಂಗ, ಭಾಷೆಗಳನ್ನು ಅಳೆಯಲು ಹೊರಟ ಸರ್ಕಾರಿ ವಿದ್ವಾಂಸರು. ಮದ್ರಾಸ್ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಮೇಣದ ಕೊಳವೆಗಳಲ್ಲಿ ದಕ್ಷಿಣದ ಹಾಡುಗಳನ್ನು ಹಿಡಿದರು. ಗ್ರಿಯರ್ಸನ್ ಎಂಬ ಅಧಿಕಾರಿ ನಡೆಸಿದ ಭಾರತದ ಭಾಷಾ ಸಮೀಕ್ಷೆಗೆ ಸೇರಿದ ಗ್ರಾಮಾಫೋನ್ ತಟ್ಟೆಗಳು 1913ರಿಂದ 1929ರ ನಡುವೆ ತಯಾರಾದವು. ಅವುಗಳಲ್ಲಿ ಬೈಬಲ್ಲಿನ ದುಂದುಗಾರ ಮಗನ ಕಥೆಯ ಜೊತೆಗೆ ಅಲ್ಲಲ್ಲಿ ಹಾಡೂ ಇದೆ.

ಇಲ್ಲೊಂದು ವಿಚಿತ್ರವಿದೆ. ಆ ಸಮೀಕ್ಷೆ ತನ್ನ ವ್ಯಾಪ್ತಿಯಿಂದ ಮೈಸೂರು, ಹೈದರಾಬಾದು, ಮದ್ರಾಸುಗಳನ್ನು ಹೊರಗಿಟ್ಟಿತ್ತು. 1906ರ ಸಂಪುಟದ ಕನ್ನಡ ಮಾದರಿಗಳು ಮುಖ್ಯವಾಗಿ ಮುಂಬಯಿ ಪ್ರಾಂತದವು. ಕೈಟಭೇಶ್ವರನ ಗುಡಿಯ ನೆರೆಯ ಕುಬಟೂರು ಮೈಸೂರಿನ ಸೊರಬಕ್ಕೆ ಸೇರಿದ್ದು. ಉತ್ತರಕ್ಕೆ ಸ್ವಲ್ಪವೇ ದೂರದ ಹಾನಗಲ್ಲು ಮುಂಬಯಿಯ ಧಾರವಾಡಕ್ಕೆ. ಸಂತೆ, ಜಾತ್ರೆ, ಬೀಗತನಕ್ಕೆ ಅಡ್ಡಬಾರದ ಗಡಿ ಭಾಷೆಯ ಲೆಕ್ಕಕ್ಕೆ ಅಡ್ಡಬಂತು. ಮುಂದೆ ಮದ್ರಾಸು ಸರ್ಕಾರವೂ ತಟ್ಟೆಗಳನ್ನು ಮಾಡಿಸಿತೆನ್ನುವುದು ನಿಜ, ಆದರೆ ಅದರ ಆಡಳಿತ ಮಲೆನಾಡಿನ ಈ ಅಂಚಿಗೆ ತಾಗಿದ್ದಲ್ಲ.

ಹಾಗಾಗಿ ಇಂದು ಡಿಜಿಟಲ್ ರೂಪದಲ್ಲಿ ಸಿಗುವ ಈ ಮುದ್ರಣಗಳನ್ನು ಸೊರಬ–ಸಾಗರದ ಜೀವಂತ ಹಾಡಿಕೆಯ ಪಕ್ಕದಲ್ಲಿಟ್ಟು ಕೇಳುವುದು ಒಳ್ಳೆಯದು. ದೀಪಾವಳಿಯಲ್ಲಿ ಅಂಟಿಗೆ–ಪಂಟಿಗೆಯವರು ಜ್ಯೋತಿ ಹಿಡಿದು ರಾತ್ರಿಯಿಡೀ ಮನೆಮನೆ ಸುತ್ತುತ್ತಾರೆ. ಮುಂದಿನವರು ಹೇಳಿದ ಸೊಲ್ಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ; ಮನೆಯವರು ಎಣ್ಣೆ ಎರೆಯುವವರೆಗೂ ಪದ ಬೆಳೆಯುತ್ತದೆ. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷವಷ್ಟೇ. ಹಿಮ್ಮೇಳ ಕಹಳೆಯಿಂದ ದೂರ ಸರಿದರೆ ಮಸುಕು. ಹಳೆಯ ಹಾಡುಗಾರರು ಅವಸರದವರು, ಒಂಟಿ ದನಿಯವರು ಎಂದು ಈ ತಟ್ಟೆಗಳಿಂದ ತೀರ್ಮಾನಿಸುವವರು ಯಂತ್ರದ ಗುಣವನ್ನು ಜನರ ಮೇಲೆ ಹೊರಿಸುತ್ತಾರೆ.

ವೇಗದ ವಿಷಯದಲ್ಲೂ ಎಚ್ಚರ ಬೇಕು. ನಿಮಿಷಕ್ಕೆ 78 ಸುತ್ತು ಎಂಬ ನಿಯಮ ಆಗ ಗಟ್ಟಿಯಾಗಿರಲಿಲ್ಲ. 72ಕ್ಕೆ ಮುದ್ರಿಸಿದ್ದನ್ನು 78ಕ್ಕೆ ತಿರುಗಿಸಿದರೆ ಶ್ರುತಿ ಒಂದು ಸ್ವರಸ್ಥಾನಕ್ಕಿಂತ ತುಸು ಹೆಚ್ಚೇ ಏರುತ್ತದೆ, ಗಂಡಸಿನ ದನಿ ಎಳಸಾಗುತ್ತದೆ. ತಂತ್ರಾಂಶದಿಂದ ಕರಕರ ಸದ್ದನ್ನು ಪೂರ್ತಿ ತೊಳೆದ ಪ್ರತಿಗಳು ನನಗೆ ಅಷ್ಟು ರುಚಿಸುವುದಿಲ್ಲ. ಸದ್ದಿನ ಜೊತೆ ಉಸಿರೂ ಹೋಗಿರುತ್ತದೆ. ಉಚ್ಚಾರಣೆಯ ಇತಿಹಾಸ ಬರೆಯುವವರಿಗಂತೂ ದೊಡ್ಡ ಮಿತಿಯೊಂದಿದೆ: ಸಕಾರ ಶಕಾರಗಳನ್ನು ಬೇರ್ಪಡಿಸುವ ಕಂಪನಗಳು ಬಹುಪಾಲು 2,500 ಹರ್ಟ್ಸ್‌ನ ಮೇಲಿವೆ. ಹಾಡಿದವರು ‘ಶಿವ’ ಎಂದರೋ ‘ಸಿವ’ ಎಂದರೋ ಎಂಬುದಕ್ಕೆ ಈ ತಟ್ಟೆಗಳನ್ನು ಸಾಕ್ಷಿಗೆ ಕರೆಯುವಂತಿಲ್ಲ.